ಸಾಣೆಗೆ ಬಾರದ ಬ್ಲೇಡು

ಕಡೂರು, ತರೀಕೆರೆ, ಅಜ್ಜಂಪುರದ ಕಡೆಯ ಮರಗೆಲಸದವರು ಓಂಕಾರೇಶನನ್ನು ಕಂಡರೆ ಮೊದಲು ನಗುತ್ತಾರೆ. ಆಮೇಲೆ, ಅವನು ಕೇಳದಿದ್ದರೂ, ತಮ್ಮ ಆರೋಗ್ಯ ಗಟ್ಟಿಯಾಗಿದೆ ಎಂದು ಹೇಳಿಕೊಳ್ಳುತ್ತಾರೆ. "ಓಂಕಾರೇಶ ಬಂದ ಅಂದ್ರೆ ಅಂಗಡಿ ಬಾಗ್ಲು ಹಾಕ್ದಂಗೇ ಕಣಪ್ಪಾ" ಎಂಬ ಮಾತು ಹುಟ್ಟಿದ್ದು ತಮಾಷೆಗೆ. ಆದರೆ ಎಲ್ಲ ತಮಾಷೆಯೂ ಕೊನೆಯವರೆಗೆ ತಮಾಷೆಯಾಗಿ ಉಳಿಯುವುದಿಲ್ಲ.

ಅವನೇನೂ ಕೆಟ್ಟವನಲ್ಲ. ಚೌಳಹಿರಿಯೂರಿನಲ್ಲಿ ತೆಂಗಿನ ತೋಟದ ಅಂಚಿಗೆ ಒಂದು ಶೀಟಿನ ಶೆಡ್ಡು, ಅದರಲ್ಲಿ ಬಾಗಿಲು, ಕಿಟಕಿ, ಮಂಚ ಮಾಡುವ ಕಸುಬು. ಮರವನ್ನು ಕೈಯಲ್ಲೇ ಕೊಯ್ದು ಕೈಯಲ್ಲೇ ಹೆರೆಯುತ್ತ ಕೂತವನಿಗಾಗಿ ಈಗ ಯಾವ ಗಿರಾಕಿ ಕಾಯುತ್ತಾನೆ? ಮಿಷನ್ ಬೇಕಿತ್ತು. ಹೊಸದು ಕೊಳ್ಳುವ ಶಕ್ತಿ ಇರಲಿಲ್ಲ. ಹಳೆಯದನ್ನು ಮಾರುವವರೆಲ್ಲ ಬೆಂಗಳೂರಿನಲ್ಲೋ ಕೊಯಮತ್ತೂರಿನಲ್ಲೋ ಇದ್ದರು. ಅವರು ಫೋನಿಗೆ ಕಳಿಸುವ ಫೋಟೋಗಳಲ್ಲಿ ಮಿಷನ್ನುಗಳು ಹೊಸ ಬಣ್ಣ ಬಳಿದುಕೊಂಡು ಮದುವಣಗಿತ್ತಿಯರ ಹಾಗೆ ನಿಂತಿರುತ್ತಿದ್ದವು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಗೊತ್ತಿದ್ದೂ ಒಮ್ಮೆ ಬೀರೂರಿನಲ್ಲಿ ರೈಲು ಹತ್ತಿದ. ಹೋಗಿ ನೋಡಿದರೆ ಬಿರುಕು ಬಿಟ್ಟ ಕಬ್ಬಿಣದ ಮೇಲೆ ವೆಲ್ಡಿಂಗು, ವೆಲ್ಡಿಂಗಿನ ಮೇಲೆ ಬಣ್ಣ. ಅದನ್ನೇ ಹೊತ್ತು ತರುತ್ತೇನೆಂದರೂ ಲಾರಿ ಬಾಡಿಗೆ ಸೇರಿ ನಾಲ್ಕಾಣೆ ಕೋಳಿಗೆ ಹನ್ನೆರಡಾಣೆ ಮಸಾಲೆಯಾಗುತ್ತಿತ್ತು. ಬರಿಗೈಯಲ್ಲಿ ವಾಪಸ್ಸು ಬಂದ.

ದಾರಿ ತೋರಿಸಿದವನು ಸಿದ್ದೇಶ. ಬೀರೂರಿನಲ್ಲಿ ಅವನದು ಸಾಣೆ ಹಿಡಿಯುವ ಅಂಗಡಿ. ಸುತ್ತಮುತ್ತಲ ಬಡಗಿಗಳ ಮಿಷನ್ ಬ್ಲೇಡುಗಳು ಮೊಂಡಾದರೆ ಬಸ್ಸಿನಲ್ಲೋ ಬೈಕಿನಲ್ಲೋ ಅವನ ಹತ್ತಿರವೇ ಬರಬೇಕು. ಹಾಗಾಗಿ ಯಾರ ಬ್ಲೇಡು ಬರುವುದು ನಿಂತಿತು ಎಂಬುದು ಅವನಿಗೆ ಎಲ್ಲರಿಗಿಂತ ಮೊದಲು ಗೊತ್ತಾಗುತ್ತಿತ್ತು. ಬ್ಲೇಡು ಬರಲಿಲ್ಲವೆಂದರೆ ಆ ಮನೆಯ ಬಡಗಿ ಹಾಸಿಗೆ ಹಿಡಿದಿದ್ದಾನೆ, ಇಲ್ಲವೇ ಹೋಗಿಬಿಟ್ಟಿದ್ದಾನೆ. ಅಂಥ ಮನೆಯ ಮಿಷನ್ ಹತ್ತಿರದಲ್ಲೇ ಇರುತ್ತದೆ, ಅಗ್ಗಕ್ಕೂ ಸಿಗುತ್ತದೆ. ಸಿದ್ದೇಶ ಇದನ್ನು ಟೀ ಕುಡಿಯುತ್ತ ಲೋಕಾಭಿರಾಮವಾಗಿ ಹೇಳಿದ. ಓಂಕಾರೇಶ ಅಂದಿನಿಂದ ಯಾವ ಫೋಟೋವನ್ನೂ ನೋಡಲಿಲ್ಲ.

ಮೊದಲು ಸಿಕ್ಕಿದ್ದು ಅಜ್ಜಂಪುರದ ತೀರ್ಥಮ್ಮನ ಮನೆಯ ಗರಗಸದ ಮಿಷನ್. ಗಂಡ ತೀರಿಕೊಂಡು ವರ್ಷವಾಗಿರಲಿಲ್ಲ. "ತಗೊಂಡೋಗೋಕೆ ಮುಂಚೆ ಒಂದ್ಸಲ ಹಾಕಪ್ಪಾ, ಮನೆ ಬಿಕೋ ಅನ್ನುತ್ತೆ" ಎಂದು ಆಕೆ ಬೇಡಿಕೊಂಡಳು. ಇವನು ಹಾಕಿದ. ಸದ್ದು ನಿಂತ ಮೇಲೆ ಆಕೆ ಅಡುಗೆಮನೆಯಿಂದ ಎರಡು ಲೋಟ ಕಾಫಿ ಹಿಡಿದು ಬಂದು, ಇವನ ಮುಖ ನೋಡಿ, ಒಂದು ಲೋಟವನ್ನು ಹಾಗೇ ಒಳಗೆ ತೆಗೆದುಕೊಂಡು ಹೋದಳು. ಸತ್ತವನು ಎಡಚನಾಗಿದ್ದನಂತೆ, ಸ್ವಿಚ್ಚು ಎಡಕ್ಕಿತ್ತು. ಈಗ ಓಂಕಾರೇಶನೂ ಎಡಗೈಯಲ್ಲೇ ಒತ್ತುತ್ತಾನೆ. ಒತ್ತುವಾಗ ಕೆಲವು ಸಲ ಅದು ತನ್ನ ಕೈಯಲ್ಲ ಅನ್ನಿಸುತ್ತದೆ.

ಎರಡನೆಯದು ತರೀಕೆರೆಯಲ್ಲಿ, ಬೆರಳು ಕಳೆದುಕೊಂಡವನೊಬ್ಬನ ಮನೆಯಲ್ಲಿ ಸಿಕ್ಕಿತು. ಅದರ ಕಥೆ ಬೇಡ. ಮಿಷನ್ ಚೆನ್ನಾಗಿ ಓಡುತ್ತದೆ.

ಇನ್ನು ಬೇಕಾಗಿದ್ದದ್ದು ಹಲಗೆಯನ್ನು ಒಂದೇ ದಪ್ಪಕ್ಕೆ ಹೆರೆದು ಕೊಡುವ ತಿಕ್‌ನೆಸ್ ಮಿಷನ್ ಒಂದೇ. ಹೋದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಸಿದ್ದೇಶ ಎಂದಿನಂತೆ ಮಾತಿಗೆ ಮಾತು ಸೇರಿಸಿ, "ಲಕ್ಕವಳ್ಳಿ ಅಂಜಿನಪ್ಪನೋರ ಬ್ಲೇಡು ಬಂದು ಬಾಳ ದಿನ ಆಯ್ತು ಕಣೋ" ಎಂದ.

ಅಂಜಿನಪ್ಪ ಎಂದರೆ ಓಂಕಾರೇಶನಿಗೆ ಉಳಿ ಹಿಡಿಯುವುದನ್ನು ಕಲಿಸಿದ ಮೇಸ್ತ್ರಿ. ಹತ್ತನೇ ಕ್ಲಾಸು ಫೇಲಾಗಿ ಲಕ್ಕವಳ್ಳಿಯ ದೊಡ್ಡಮ್ಮನ ಮನೆಯಲ್ಲಿ ಬಿದ್ದಿದ್ದವನನ್ನು ಕರೆದು, ಊಟ ಹಾಕಿ, ಬೈದು, ಮನುಷ್ಯನನ್ನಾಗಿ ಮಾಡಿದವನು. ಆ ಹೆಸರು ಕೇಳಿದ ಕ್ಷಣ ಓಂಕಾರೇಶನ ತಲೆಯಲ್ಲಿ ಮೂಡಿದ್ದು, ಅವರ ಮಿಷನ್ನಿಗೆ ತ್ರೀ ಫೇಸ್ ಮೋಟಾರೋ ಸಿಂಗಲ್ ಫೇಸೋ ಎಂಬ ಪ್ರಶ್ನೆ. ಮೇಸ್ತ್ರಿಗೆ ಏನಾಯಿತು ಎಂಬುದು ಅದರ ಹಿಂದೆ ಬಂತು. ಬಹಳ ಹಿಂದೇನಲ್ಲ. ಆದರೂ ಹಿಂದೆಯೇ ಬಂತು. ಬಸ್ಸು ತರೀಕೆರೆ ದಾಟುವವರೆಗೂ ಅವನು, ಮೇಸ್ತ್ರಿಯನ್ನು ನೋಡಲಿಕ್ಕೇ ಹೋಗುತ್ತಿದ್ದೇನೆ ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದ.

ಬಾಗಿಲು ತೆಗೆದವಳು ಮೇಸ್ತ್ರಿಯ ಹೆಂಡತಿ ಈರಕ್ಕ. ಅವಳು ಬಾ ಎನ್ನಲಿಲ್ಲ. ಅವನ ಹೆಗಲ ಮೇಲಿಂದ ರಸ್ತೆಯ ಕಡೆ ನೋಡಿದಳು.

"ಗಾಡಿ ಎಲ್ಲಿ ನಿಲ್ಸಿದೀಯ?"

"ಬಸ್ಸಲ್ಲಿ ಬಂದೆ ಈರಕ್ಕ. ಮೇಸ್ತ್ರೀನ ನೋಡ್ಕೊಂಡು ಹೋಗೋಣಾಂತ..."

"ಇವತ್ತು ನೋಡ್ಕೊಂಡು ಹೋಗು. ಗಾಡಿ ಆಮೇಲೆ ತರೀವಂತೆ. ನಿನ್ ಇಚಾರ ಇಲ್ಲಿಗೂ ಬಂದೈತೆ ಕಣಪ್ಪ. ಅವ್ರಿನ್ನೂ ಉಸಿರಾಡ್ತಾವ್ರೆ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಅವನು ತಲೆ ತಗ್ಗಿಸಿಕೊಂಡೇ ಒಳಗೆ ಹೋದ.

ಅಂಜಿನಪ್ಪನಿಗೆ ಲಕ್ವ ಹೊಡೆದು ಬಲಗೈ, ಬಲಗಾಲು ಬಿದ್ದುಹೋಗಿದ್ದವು. ಮಾತು ತೊದಲುತ್ತಿತ್ತು. ಶಿಷ್ಯನನ್ನು ನೋಡಿ ಅರ್ಧ ಮುಖದಲ್ಲಿ ನಕ್ಕ.

"ಯಾರು ಹೇಳಿದ್ರೋ? ಸಿದ್ದೇಶನಾ?"

"ಹೂಂ ಮೇಸ್ತ್ರಿ. ನಿಮ್ಮನ್ನೇ ನೋಡೋಕೆ ಬಂದೆ. ದೇವ್ರಾಣೆ."

"ಮಿಷನ್ ಸದ್ದು ಕೇಳಿ ಬಾಳ ದಿನ ಆಯ್ತು ಕಣೋ. ಹೋಗಿ ಒಂದ್ಸಲ ಹಾಕು" ಎಂದ ಅಂಜಿನಪ್ಪ.

ಶೆಡ್ಡು ಮನೆಗೆ ಅಂಟಿಕೊಂಡೇ ಇತ್ತು. ಮಿಷನ್ನಿನ ಮೇಲೆ ಹಳೆಯ ಸೀರೆ ಹೊದಿಸಿದ್ದರು. ಸೀರೆ ಎತ್ತುವಾಗ ಓಂಕಾರೇಶನಿಗೆ ಎದೆ ಹಿಂಡಿತು, ಅದು ಸುಳ್ಳಲ್ಲ. ಆದರೆ ಕೈ ತನ್ನ ಪಾಡಿಗೆ ತಾನು ಕಬ್ಬಿಣವನ್ನು ಸವರಿ, ತುಕ್ಕು ಎಷ್ಟಿದೆ ಎಂದು ನೋಡಿಬಿಟ್ಟಿತು. ಸ್ವಿಚ್ಚು ಹಾಕಿದ, ಆರಿಸಿದ. ಇನ್ನೊಮ್ಮೆ ಹಾಕಿ ಆರಿಸಿದ. ಒಳ್ಳೆಯ ಮಿಷನ್. ತನ್ನ ಶೆಡ್ಡಿನಲ್ಲಿ ಬಾಗಿಲ ಪಕ್ಕ ನಿಲ್ಲಿಸಿದರೆ ಉದ್ದನೆಯ ಹಲಗೆಗೂ ಜಾಗ ಸಾಕಾಗುತ್ತದೆ ಎಂದುಕೊಂಡ.

ಒಳಗೆ ಬಂದಾಗ ಅಂಜಿನಪ್ಪ ಗೋಡೆಯ ಕಡೆ ಹೊರಳಿಕೊಂಡಿದ್ದ.

"ಬೇರಿಂಗ್ ಹೆಂಗೈತೆ?"

"ಚೆನ್ನಾಗೈತೆ ಮೇಸ್ತ್ರಿ" ಎಂದ ಓಂಕಾರೇಶ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡ.

"ಮೂಲೇಲಿ ಅಷ್ಟು ಹಲಗೆ ಬಿದ್ದಿದ್ವು. ಒಂದನ್ನಾದ್ರೂ ಮಿಷನ್‌ಗೆ ಕೊಟ್ಟೇನೋ? ಖಾಲಿ ಓಡಿಸ್ದೆ, ಆಫ್ ಮಾಡ್ದೆ, ನಿಲ್ಲೋಗಂಟ ಕಿವಿ ಕೊಟ್ಕೊಂಡು ನಿಂತೆ. ಎರಡು ಸಲ. ಕೆಲ್ಸ ಮಾಡೋನು ಹಲಗೆ ಕೊಡ್ತಾನೆ ಕಣೋ. ಬೇರಿಂಗ್ ಸವೆದೈತಾ ಅಂತ ಸದ್ದು ಕೇಳೋನು ಕೊಳ್ಳೋಕೆ ಬಂದೋನು."

ಓಂಕಾರೇಶ ಮಂಚದ ಕಾಲ ಹತ್ತಿರ ಕೂತ. ಇನ್ನೂ ಸುಳ್ಳು ಹೇಳಬಹುದಿತ್ತು. ಹೇಳಲಾಗಲಿಲ್ಲ.

"ಹೌದು ಮೇಸ್ತ್ರಿ. ಸಿದ್ದೇಶ ನಿಮ್ ಹೆಸ್ರು ಹೇಳ್ದಾಗ ನಂಗೆ ಮೊದ್ಲು ನೆನಪಾಗಿದ್ದು ಮಿಷನ್ನು. ನೀವು ಆಮೇಲೆ."

ಈರಕ್ಕ ಅಡುಗೆಮನೆಯ ಬಾಗಿಲಲ್ಲಿ ಸೆರಗು ಬಾಯಿಗೆ ಒತ್ತಿಕೊಂಡಳು. ಅಂಜಿನಪ್ಪ ಕಷ್ಟಪಟ್ಟು ಈ ಕಡೆ ಹೊರಳಿದ.

"ನಿಜ ಹೇಳ್ದೆ, ಇರ್ಲಿ. ನಾನಿನ್ನೂ ಬದುಕಿದೀನಿ. ಆ ಬ್ಲೇಡು ಬಿಚ್ಕೊ. ನನ್ ಹೆಸ್ರಲ್ಲಿ ಸಾಣೆ ಹಿಡಿಸ್ಕೊಂಡು ಬಾ. ತಿಂಗ್ಳು ತಿಂಗ್ಳು ಹಿಡಿಸು. ನಿನ್ನಂಥೋನು ಇನ್ನೊಬ್ಬ ಈ ಬಾಗ್ಲಿಗೆ ಬರಬಾರ್ದು."

ಅಂದಿನಿಂದ ತಿಂಗಳಿಗೊಮ್ಮೆ ಓಂಕಾರೇಶ ಲಕ್ಕವಳ್ಳಿಗೆ ಹೋಗಿ, ಗೋಣಿತಾಟಿನಲ್ಲಿ ಬ್ಲೇಡು ಸುತ್ತಿಕೊಂಡು ಬೀರೂರಿಗೆ ಬರುತ್ತಾನೆ. ಸಾಣೆಯಾದ ಮೇಲೆ ವಾಪಸ್ಸು ಒಯ್ದು ಮಿಷನ್ನಿಗೆ ಕೂರಿಸಿ, ಮೇಸ್ತ್ರಿಯ ಮುಖ ಒರೆಸಿ, ಗಡ್ಡ ಹೆರೆದು ಬರುತ್ತಾನೆ. ಈರಕ್ಕ ಈಗ ಕಾಫಿ ಕೊಡುತ್ತಾಳೆ. ಮಾತು ಇನ್ನೂ ಅಷ್ಟಕ್ಕಷ್ಟೆ. ಅವಳದು ತಪ್ಪಲ್ಲ. ಆ ಮಿಷನ್ ತನ್ನ ಶೆಡ್ಡಿನ ಬಾಗಿಲ ಪಕ್ಕ ನಿಂತ ಚಿತ್ರ ಇಂದಿಗೂ ಬಸ್ಸಿನಲ್ಲಿ ಅವನ ಕಣ್ಣಿಗೆ ಕಟ್ಟುತ್ತದೆ. ಅದು ಬಂದ ಕೂಡಲೇ ಅವನು ತೊಡೆಯ ಮೇಲಿನ ಬ್ಲೇಡನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತಾನೆ. ಚಿತ್ರ ಹೋಗುವುದಿಲ್ಲ.

ಮೊನ್ನೆ ಅವನು ಸಿದ್ದೇಶನ ಅಂಗಡಿಯಲ್ಲಿದ್ದಾಗ ಯಾರೋ ಫೋನ್ ಮಾಡಿ ಲಕ್ಕವಳ್ಳಿ ಮಿಷನ್ ಮಾರುತ್ತಾರಾ ಎಂದು ವಿಚಾರಿಸಿದರು. "ಇಲ್ಲ ಕಣ್ರೀ, ಅಂಜಿನಪ್ಪನೋರ ಬ್ಲೇಡು ಈಗ ತಾನೇ ಬಂತು. ಬ್ಯಾರೆ ಕಡೆ ನೋಡ್ಕಳಿ" ಎಂದು ಸಿದ್ದೇಶ ಫೋನ್ ಇಟ್ಟ. ಆಮೇಲೆ ಬ್ಲೇಡಿನ ಅಂಚಿಗೆ ಹೆಬ್ಬೆರಳು ತಾಗಿಸಿ ನೋಡಿದ.

"ಲೋ, ಇದು ಮರಾನೇ ಕಂಡಿಲ್ವಲ್ಲೋ. ಹೋದ್ಸಲ ನಾನು ಹಿಡಿದ ಸಾಣೆ ಹಂಗೇ ಐತೆ."

ಓಂಕಾರೇಶ ಖಾಲಿ ಗೋಣಿತಾಟನ್ನು ಮಡಿಸತೊಡಗಿದ. ಸಿದ್ದೇಶ ಅವನ ಮುಖ ನೋಡಿದ. ಅವನಿಗೆ ಅರ್ಥವಾಯಿತು.

"ಹಿಂಗೆ ಸುಮ್ಸುಮ್ನೆ ಹಿಡೀತಾ ಹೋದ್ರೆ ಬ್ಲೇಡೇ ಸವೆದು ಹೋಗುತ್ತೆ ಕಣೋ. ಇನ್ನೊಂದಿಷ್ಟು ಸವೆದ್ರೆ ಮಿಷನ್‌ಗೆ ಕೂರಲ್ಲ."

"ಗೊತ್ತು" ಎಂದ ಓಂಕಾರೇಶ. "ಆದ್ರೂ ಹಿಡಿ. ಎಷ್ಟು ಕಮ್ಮಿ ಆಗುತ್ತೋ ಅಷ್ಟು ಕಮ್ಮಿ ತೆಗಿ."