ಮಾದೇವಕ್ಕ ಬಿಚ್ಚದ ಕೊಡೆ

ಪೂರ್ವಿ, ಗಣೇಶ, ನಮ್ಮ ಜಗುಲಿಯ ಸೂರಿಗೆ ಹಕ್ಕಿಗೂಡಿನ ಸಮೇತ ಹಳೆಯ ಕೊಡೆಯೊಂದು ಯಾಕೆ ನೇತಾಡುತ್ತಿದೆ ಎಂದು ಕೇಳುತ್ತಿದ್ದಿರಲ್ಲ? ಬಾಯಲ್ಲಿ ಹೇಳಲು ನನಗೆ ನಾಚಿಕೆ. ಅದಕ್ಕೇ ಬರೆಯುತ್ತಿದ್ದೇನೆ.

ಅದು ಹೊಳನಗದ್ದೆಯ ನಮ್ಮ ಪಕ್ಕದ ಮನೆಯ ಮಾದೇವಕ್ಕನದು. ಚೈತ್ರದ ಬೆಳಿಗ್ಗೆ ಆಕಾಶ ತೊಳೆದಿಟ್ಟ ಹಾಗಿದ್ದರೂ ಅವಳು ಕೊಡೆ ಹಿಡಿದೇ ಗದ್ದೆಯ ಬದುವಿನ ಮೇಲೆ ತಿರುಗಾಡಲು ಹೊರಡುವಳು. ಮಳೆಯ ಸುದ್ದಿ ಕೇಳುವುದು ಬೇಲಿಯ ಮೇಲಿನ ಓತಿಯನ್ನು. "ಓತಿ ತಲೆ ಆಡಿಸ್ತು ಕಾಣು, ಇವತ್ತು ಮಳೆ ಬತ್ತದೆ" ಎಂದ ದಿನ ಸಾರಿನ ಹುಳಿಗೆಂದು ಹರಡಿದ ಮುರುಗಲ ಹಣ್ಣಿನ ಸಿಪ್ಪೆ ಗರಿಗರಿಯಾಗಿ ಒಣಗುತ್ತಿತ್ತು. "ಇವತ್ತು ಇಲ್ಲ" ಎಂದ ದಿನ ಅಂಗಳದ ಈರುಳ್ಳಿಯೆಲ್ಲ ತೊಯ್ಯುತ್ತಿತ್ತು. ಅವಳ ಬಾಯಿ ಓತಿಯನ್ನು ನಂಬುತ್ತಿತ್ತು. ಕೈ ಮಾತ್ರ ಕೊಡೆಯನ್ನೇ ನಂಬುತ್ತಿತ್ತು. ನಿಮ್ಮ ಅಜ್ಜ ಅವಳ ಮಾತು ಕೇಳಿಕೊಂಡು, ಸರಿಯಾಗಿ ಅದಕ್ಕೆ ಉಲ್ಟಾ ಮಾಡುತ್ತಿದ್ದರು.

ಅಜ್ಜ ಹೋದ ಮೇಲೆ ನಾನು ಅಂಗಳ ದಾಟಲಿಲ್ಲ. ಮೊದಲೇ ಜನರೆಂದರೆ ಅಂಜಿಕೆ. ಈಗ ಕಂಡವರೆಲ್ಲ ಅಯ್ಯೋ ಎನ್ನುತ್ತಾರೆಂಬ ಭಯ. ಆರು ತಿಂಗಳು ಒಳಗೇ ಕೂತೆ. ಆ ಚೈತ್ರದಲ್ಲಿ ಮಾದೇವಕ್ಕ ಬರಿಗೈಯಲ್ಲಿ ಬಾಗಿಲಿಗೆ ಬಂದಳು.

"ಏ ಹೆಣ್ಣೆ, ಎಂತ ಮಾಡ್ತೆ ಒಳಗೆ? ನಿನ್ನ ಕೊಡೆ ತಕಂಡು ಬಾ."

"ನಿಂದು ಎಲ್ಲಿ?"

"ಸೂರಿಗೆ ನೇತ್ಹಾಕಿದ್ದೆ ಮಾರಾಯ್ತಿ. ಅದ್ರ ಮೊನೆಗೆ ಸೂರಕ್ಕಿ ಗೂಡು ಕಟ್ಟಿ ಬಾಣಂತಿ ಕೋಣೆ ಮಾಡ್ಕಂಡದೆ."

"ಹಂಗಾರೆ ನಂದು ಕೊಡ್ತೆ, ನೀನೇ ಹೋಗು."

"ಗೇರುಹಣ್ಣು ಹೆಕ್ಕುಕೆ ಎರಡು ಕೈಯೂ ಬೇಕು ನಂಗೆ. ಕೊಡೆ ಹಿಡಿಯೋರು ಯಾರು, ಓತಿಯಾ?"

ಮೊದಲ ದಿನ ಕೊಡೆಯೊಳಗೆ ಮುಖ ಮರೆಸಿಕೊಂಡು ನಡೆದೆ. ಹತ್ತು ದಿನ ಕಳೆಯುವಷ್ಟರಲ್ಲಿ ಮುಂಗುಸಿ ಬೇಲಿ ನುಸುಳುವ ಜಾಗವನ್ನು ನಾನೇ ಅವಳಿಗೆ ತೋರಿಸುತ್ತಿದ್ದೆ. ನಡುವೆ ಹನಿ ಬೀಳುವುದು, ಮತ್ತೆ ಬಿಸಿಲು ಬರುವುದು; ಅವಳು ಎರಡಕ್ಕೂ ಓತಿಯನ್ನೇ ಬೈಯುವಳು.

ದಿನಾ ಕೇಳುತ್ತಿದ್ದೆ, "ಮರಿ ಹೆಂಗಿದಾವೆ?"

"ಇನ್ನೂ ರೆಕ್ಕೆ ಬಲೀಲಿಲ್ಲ."

ವೈಶಾಖ ಮುಗಿಯಿತು. ರೆಕ್ಕೆ ಬಲಿಯಲಿಲ್ಲ. ಒಂದು ದಿನ ಅವಳು ಪೇಟೆಗೆ ಹೋದಾಗ, ಪಾತ್ರೆ ಮರಳಿಸಲು ಹೋದವಳು ಗೂಡಿನೊಳಗೆ ಇಣುಕಿದೆ. ಖಾಲಿ! ಗೂಡಿನ ಬಾಯಿಗೆ ಅಡ್ಡಲಾಗಿ ಜೇಡ ಬಲೆ ನೇದು, ಆ ಬಲೆಗೂ ಧೂಳು ಹಿಡಿದಿತ್ತು.

ಮರುದಿನ ಎಂದಿನಂತೆ ಕೇಳಿದೆ.

"ಮೈಗಳ್ಳ ಮರಿ ಅವು," ಎಂದಳು, ನನ್ನ ಮುಖ ನೋಡದೆ. "ಹಾರುಕೇ ಕಲೀಲಿಲ್ಲ."

ನಾನು ಕೊಡೆಯನ್ನು ಅವಳ ಕಡೆಗೆ ವಾಲಿಸಿದೆ. ನಾಲ್ಕು ವರ್ಷ ನಾವಿಬ್ಬರೂ ನನ್ನ ಕೊಡೆಯಲ್ಲೇ ನಡೆದೆವು. ಅವಳು ತನ್ನದನ್ನು ಬಿಚ್ಚಲೇ ಇಲ್ಲ.

ಕಳೆದ ಕಾರ್ತಿಕದಲ್ಲಿ ಮಾದೇವಕ್ಕ ತೀರಿಕೊಂಡಳು. ಸೊಸೆ ಆ ಕೊಡೆಯನ್ನು ಎಸೆಯಲು ಹೊರಟಾಗ ಬೇಡಿ ತಂದೆ, ಯಾರ ಬಳಿಯೂ ಏನನ್ನೂ ಕೇಳದ ನಾನು. ಈಗ ಒಬ್ಬಳೇ ತಿರುಗಾಡುತ್ತೇನೆ. ಇಂದು ಬೆಳಿಗ್ಗೆ ಬೇಲಿಯ ಓತಿ ತಲೆ ಆಡಿಸಿತು. ನಿಮ್ಮ ಅಜ್ಜನ ಹಾಗೆ ಧೈರ್ಯವಾಗಿ ಈರುಳ್ಳಿಯನ್ನು ಅಂಗಳದಲ್ಲಿ ಹರಡಿದೆ. ಮಧ್ಯಾಹ್ನ ಎಲ್ಲ ತೊಯ್ದುಹೋಯಿತು. ಓತಿ ಮೊದಲ ಸಲ ಸರಿ ಹೇಳಿದೆ, ಮೆರೆಯಲು ಅವಳಿಲ್ಲ.

ಮಕ್ಕಳೇ, ಈ ಹಾಳೆಗಳನ್ನು ನೀರು ತಾಗದ ಕಡೆ ಜೋಪಾನವಾಗಿಡಿ. ಮಳೆ ಬಂತೆಂದು ಆ ಕೊಡೆಯನ್ನು ಮಾತ್ರ ಬಿಚ್ಚಬೇಡಿ.