ಗಾಳಿ ಕುಡಿದ ಇದ್ದಿಲು

ಆಕೆಯ ಬಲಗಿವಿ ಸದಾ ಕಪ್ಪಗಿರುತ್ತಿತ್ತು. ಎಡಗಿವಿ ಮೈಬಣ್ಣದ್ದೇ, ಬೆಂಡೋಲೆ ಹಾಕಿಕೊಂಡು ಲಕ್ಷಣವಾಗಿತ್ತು. ಬಲಗಿವಿ ಮಾತ್ರ ಮಸಿಯಲ್ಲಿ ಅದ್ದಿ ತೆಗೆದ ಹಾಗೆ. ಇದ್ದಿಲಿನ ಎರಡು ತುಂಡುಗಳನ್ನು ಆ ಕಿವಿಯ ಹತ್ತಿರ ಹಿಡಿದು ಒಂದಕ್ಕೊಂದು ತಾಕಿಸುವುದು, ಸದ್ದು ಕೇಳುವುದು, ಒಳ್ಳೆಯದನ್ನು ಬಲಕ್ಕೆ, ಕೆಟ್ಟದ್ದನ್ನು ಎಡಕ್ಕೆ ಎಸೆಯುವುದು. ನಲವತ್ತು ವರ್ಷ ಇದನ್ನೇ ಮಾಡಿದರೆ ಕಿವಿ ಇನ್ನೇನಾದೀತು? ಟಣ್ ಎಂದರೆ ಪೂರಾ ಬೆಂದದ್ದು. ದಬ್ ಎಂದರೆ ಒಳಗೆ ಇನ್ನೂ ಹಸಿ ಕಟ್ಟಿಗೆ ಉಳಿದು ಹೊಗೆಯಾಡುವಂಥದ್ದು. "ಕಣ್ಣಿಗೆ ಎಲ್ಲಾ ಕರ್ರಗ ಕಾಣ್ತೈತಿ ತಮ್ಮಾ. ಕಿವಿ ಸುಳ್ಳು ಹೇಳಂಗಿಲ್ಲ" ಎನ್ನುತ್ತಿದ್ದಳು.

ಕೂಡ್ಲಿಗಿಯಿಂದ ಕೊಟ್ಟೂರಿಗೆ ಹೋಗುವ ದಾರಿಯಲ್ಲಿ ಒಳಗೆ ತಿರುಗಿದರೆ ಸಿಗುವ ಒಂದು ಸಣ್ಣ ಹಳ್ಳಿ ಅವಳದು. ಕೆರೆ ಅಂಗಳದ, ಹೊಲದ ಬದುವಿನ ಜಾಲಿ ಕಡಿಸಿ, ಮನೆ ಹಿಂದೆ ಮಣ್ಣಿನ ಭಟ್ಟಿ ಕಟ್ಟಿ ಸುಡುತ್ತಿದ್ದಳು. ಬೇರೆ ಊರಿನವರು ಬಳ್ಳಾರಿ ಜಾಲಿ ಎಂದು ನಮ್ಮ ಹಳೆಯ ಜಿಲ್ಲೆಯ ಹೆಸರನ್ನೇ ಅಂಟಿಸಿ ಬೈಯುತ್ತಾರಲ್ಲ, ಅದೇ ಮುಳ್ಳಿನ ಮರ. ಅದರ ಇದ್ದಿಲಿನ ಕೆಂಡದಂಥ ಕೆಂಡ ಮತ್ತೊಂದಿಲ್ಲ ಎಂದು ನಾನು ಯಾರ ಮುಂದೆ ಬೇಕಾದರೂ ವಾದಿಸುತ್ತೇನೆ. ಕಮ್ಮಾರರಿಗೆ, ಇಸ್ತ್ರಿ ಅಂಗಡಿಗಳಿಗೆ ಆಕೆಯೇ ಇದ್ದಿಲು ಹಾಕುತ್ತಿದ್ದಳು. ನಾನು ದೊಡ್ಡವ್ವ ಎನ್ನುತ್ತಿದ್ದೆ. ಸಂಬಂಧ ಏನೂ ಇಲ್ಲ, ಇದ್ದಿಲಿನದೇ ಸಂಬಂಧ.

ಇವತ್ತು ಹಗರಿಬೊಮ್ಮನಹಳ್ಳಿಯಲ್ಲಿ ಕೆಂಡದ ಮೇಲೆ ಸುಟ್ಟ ಕೋಳಿ ಎಂದರೆ ನನ್ನ ಅಂಗಡಿಯದೇ. ಜಂಭ ಅನ್ನಬೇಡಿ, ಬಂದು ತಿಂದು ಹೇಳಿ. ನನ್ನನ್ನು ಮಾತ್ರ ರುಚಿ ಕೇಳಬೇಡಿ, ಏಕೆಂದರೆ ನಾನು ತಿನ್ನುವುದಿಲ್ಲ. ನಮ್ಮದು ವಿಭೂತಿ ಹಚ್ಚದೆ ನೀರೂ ಕುಡಿಯದ ಮನೆ. ಹೊಸಪೇಟೆಯ ಹೋಟೆಲೊಂದರಲ್ಲಿ ಗಲ್ಲಾದ ಮೇಲೆ ಕೂತಿದ್ದ ಹತ್ತು ವರ್ಷ ಎದುರಿಗಿದ್ದ ಗ್ರಿಲ್ಲಿನ ಮುಂದೆ ಜನ ಮುಗಿಬೀಳುವುದನ್ನು ನೋಡಿ ನೋಡಿ ನನಗೂ ಹುಚ್ಚು ಹತ್ತಿತು. ಊರಿಗೆ ಬಂದು ಹಡಗಲಿ ರಸ್ತೆಯಲ್ಲಿ ತಗಡಿನ ಅಂಗಡಿ ಹಾಕಿದೆ. ಅವ್ವ ಎರಡು ದಿನ ಮಾತು ಬಿಟ್ಟಳು. ಮೂರನೆಯ ದಿನ, "ಊರಾಗ ಬ್ಯಾರೆ ದಂಧಿನ ಇರ್ಲಿಲ್ಲೇನೋ ನಿನಗ?" ಎಂದು ಅತ್ತಳು. ಅಣ್ಣನದು ಕಿರಾಣಿ ಅಂಗಡಿ. ಅವನು ಅಳುವ ಪೈಕಿ ಅಲ್ಲ. "ದೀಪಾವಳಿ ತನಕ ನೋಡ್ತೀನಿ. ನಿಂತ್ರ ನಿಂತೈತಿ. ಇಲ್ಲಂದ್ರ ಅದನ್ನ ಮುಚ್ಚಿ ಸುಮ್ನ ಬಂದು ನನ್ನ ಅಂಗಡ್ಯಾಗ ತಕ್ಕಡಿ ಹಿಡಿ" ಎಂದ. ಆಗಲಿ ಎಂದು ಮಾತು ಕೊಟ್ಟುಬಿಟ್ಟೆ. ತಕ್ಕಡಿ ಹಿಡಿಯುವುದು ಕೀಳೆಂದಲ್ಲ. ನಲವತ್ತು ದಾಟಿದ ಮೇಲೂ ಅಣ್ಣ "ಸಕ್ರಿ ಕಟ್ಲೇ" ಎಂದರೆ ಕಟ್ಟುತ್ತಾ ಕೂರುವ ಬದುಕು ನನಗೆ ಬೇಡವಾಗಿತ್ತು.

ಶುರುವಿನಲ್ಲಿ ಪುಡಿಯನ್ನು ಒತ್ತಿ ಉಂಡೆ ಮಾಡಿದ ಇದ್ದಿಲು ತರಿಸುತ್ತಿದ್ದೆ. ನೋಡಲು ಅಚ್ಚುಕಟ್ಟು, ಹತ್ತಿಕೊಳ್ಳಲು ಮಾತ್ರ ಮೊಂಡು. ಅದಕ್ಕೆ ಡೀಸೆಲ್ ಚಿಮುಕಿಸುತ್ತಿದ್ದೆ. ಭಗ್ ಎಂದು ಉರಿ ಎದ್ದರೆ ನನಗೆ ಖುಷಿ. ಬಂದ ಗಿರಾಕಿ ಒಂದು ತುಂಡು ತಿಂದು ಉಳಿದದ್ದನ್ನು ತಟ್ಟೆಯಲ್ಲೇ ಬಿಟ್ಟು ಏಳುತ್ತಿದ್ದ. ಏನು ಕೆಟ್ಟಿದೆ ಎಂದು ತಿಳಿಯಲು ನಾನು ತಿಂದರೆ ತಾನೆ? ಮಸಾಲೆ ಬದಲಿಸಿದೆ, ಮೊಸರು ಬದಲಿಸಿದೆ, ಕೊನೆಗೆ ಅಂಗಡಿ ಬಾಗಿಲಿನ ದಿಕ್ಕನ್ನೂ ಬದಲಿಸಿದೆ. ಬೀದಿ ನಾಯಿಯೊಂದು ಬಿಸಾಕಿದ ತುಂಡನ್ನು ಮೂಸಿ ಹಾಗೇ ಮುಂದೆ ಹೋದ ದಿನ ನನಗೆ ನಿಜವಾಗಿ ಹೆದರಿಕೆಯಾಯಿತು.

ಅದೇ ವಾರ ಆಕೆ ಬಂದದ್ದು. ಲಗೇಜ್ ಆಟೋದಲ್ಲಿ ಇದ್ದಿಲಿನ ಚೀಲಗಳ ನಡುವೆ ಕೂತು ಇಸ್ತ್ರಿ ಅಂಗಡಿಗೆ ಹೊರಟವಳು ನನ್ನ ಅಂಗಡಿಯ ಮುಂದೆ ಆಟೋ ನಿಲ್ಲಿಸಿದಳು. ಇಳಿದು ಬಂದು ಗಾಳಿಯನ್ನು ಒಂದು ಸಲ ಮೂಸಿದಳು.

"ಏನ್ರಿ ಸಾವ್ಕಾರ್ರೆ, ಇಲ್ಲಿ ಕೋಳಿ ಬೇಯಿಸ್ತೀರೋ, ಲಾರಿ ರಿಪೇರಿ ಮಾಡ್ತೀರೋ?"

ನನಗೆ ಮೈಯೆಲ್ಲಾ ಉರಿಯಿತು. "ಯಾಕಮ್ಮಾ?" ಎಂದೆ. ಆಕೆ ಕೇಳದೆಯೇ ಒಂದು ತುಂಡು ಹರಿದು ಬಾಯಿಗೆ ಹಾಕಿಕೊಂಡು, ತಿರುಗಿ ಉಗಿದು, ಸೆರಗಿನಿಂದ ತುಟಿ ಒರೆಸಿಕೊಂಡಳು. "ಡೀಸೆಲ್ ವಾಸ್ನಿ. ನೀವು ತಿನ್ನಂಗಿಲ್ಲ ಕಾಣ್ತೈತಿ." ನನ್ನ ಹಣೆಯ ವಿಭೂತಿ ನೋಡಿ ಆಕೆಗೆ ನಗು ತಡೆಯಲಾಗಲಿಲ್ಲ. ಎಷ್ಟು ಜೋರಾಗಿ ನಕ್ಕಳೆಂದರೆ ಆಟೋದವನೂ ನಕ್ಕ, ಕೊನೆಗೆ ಬೇರೆ ದಾರಿಯಿಲ್ಲದೆ ನಾನೂ ನಕ್ಕೆ. ಹೋಗುವಾಗ ಒಂದು ಚೀಲ ಇಳಿಸಿದಳು. "ಮಾಡಿ ನೋಡ್ರಿ. ಸರಿ ಬರದಿದ್ರ ವಾಪಸ್ ಒಯ್ತೀನಿ."

ಮಾಡಿ ನೋಡಿದೆ. ಕೋಳಿಯ ಮೇಲು ಸೀದು ಕರಕಲಾಯಿತು, ಒಳಗೆ ಎಲುಬಿನ ಹತ್ತಿರ ರಕ್ತ. ಮುಂದಿನ ವಾರ ಬಂದಾಗ, ನಿನ್ನ ಇದ್ದಿಲು ಸರಿಯಿಲ್ಲ ಎಂದು ಮುಖಕ್ಕೆ ಹೇಳಿದೆ. ಆಕೆ ಜಗಳ ಆಡಲಿಲ್ಲ. ಒಂದು ಸ್ಟೂಲು ಎಳೆದು ಗ್ರಿಲ್ಲಿನ ಪಕ್ಕ ಕೂತು, "ಹಚ್ಚು ನೋಡೋಣು" ಎಂದಳು. ಅಷ್ಟು ಹೊತ್ತಿಗೆ ಸಾವ್ಕಾರ್ರು ಹೋಗಿ ತಮ್ಮ ಆಗಿದ್ದೆ. ತೆಂಗಿನ ಚಿಪ್ಪಿನಿಂದ ಹಚ್ಚಿಸಿದಳು. ಉರಿ ಎದ್ದ ಕೂಡಲೇ ನಾನು ಕೋಳಿ ಎತ್ತಿಕೊಂಡೆ. ಕೈಗೆ ಪಟ್ ಎಂದು ಏಟು ಬಿತ್ತು. "ಏನವಸ್ರ ಐತಿ? ಉರಿ ನೋಡಾಕ ಚಂದ, ಕೆಂಡ ಕೆಲ್ಸಕ್ಕ ಚಂದ. ಮ್ಯಾಲೆ ಬೂದಿ ಕೂಡ್ಲಿ."

ಬೂದಿ ಕೂತಿತು. ಆಮೇಲೆ ಆಕೆ ಅಂಗೈಯನ್ನು ಕೆಂಡದ ಮೇಲೆ ಗೇಣು ಎತ್ತರಕ್ಕೆ ಹಿಡಿದು ಮೆಲ್ಲಗೆ ಊರುಗಳ ಹೆಸರು ಹೇಳತೊಡಗಿದಳು. "ಕೂಡ್ಲಿಗಿ ಬಿಟ್ವಿ… ಕೊಟ್ಟೂರು ಬಂತು… ಹರಪನಹಳ್ಳಿ ಬಂತು…" ಅಷ್ಟಕ್ಕೆ ಕೈ ಹಿಂದೆಗೆದಳು. ತೆಲಿಗಿಗೆ ಕೊಟ್ಟ ಮಗಳನ್ನು ನೋಡಲು ಹೋಗುವ ಬಸ್ಸಿನ ದಾರಿ ಅದು. ಕೊಟ್ಟೂರಿಗೆ ಮುಂಚೆಯೇ ಕೈ ಸುಟ್ಟರೆ ಕಾವು ಹೆಚ್ಚು. ಹರಪನಹಳ್ಳಿಯ ತನಕ ತಡೆದರೆ ಕೋಳಿ ಇಡಬಹುದು. ತೆಲಿಗಿ ಮುಟ್ಟಿದರೆ ಕೆಂಡ ಸೋತಿದೆ, ಇದ್ದಿಲು ಹಾಕು. ಇಷ್ಟೇ ಲೆಕ್ಕ. ಥರ್ಮಾಮೀಟರ್ ತಂದ ಶಾಣ್ಯಾರನ್ನು ನಾನು ಈಗ ಇದೇ ಲೆಕ್ಕದಲ್ಲಿ ಸೋಲಿಸುತ್ತೇನೆ.

ಆ ಸಂಜೆ ಮೊದಲ ತುಂಡು ಆಕೆಯೇ ತಿಂದಳು. ಕಣ್ಣು ಮುಚ್ಚಿ ಅಗಿದು, ಎಲುಬು ಚೀಪಿ, "ಹೂಂ" ಎಂದಳು. ನಾನು ಆ ಒಂದು ಹೂಂಕಾರಕ್ಕೆ ಪರೀಕ್ಷೆ ಬರೆದ ಹುಡುಗನಂತೆ ಕಾದು ನಿಂತಿದ್ದೆ. "ನೀ ತಿನ್ನಬ್ಯಾಡ, ನಿಮ್ಮವ್ವನ ಮನಸು ನೋಯಿಸಬ್ಯಾಡ. ನಿನ್ನ ನಾಲಿಗಿ ನಾ ಆಗ್ತೀನಿ" ಎಂದಳು. ಅಲ್ಲಿಂದ ಆಕೆ ಬಂದ ದಿನವೆಲ್ಲ ಮೊದಲ ತುಂಡು ಆಕೆಗೇ.

ಗಿರಾಕಿಗಳು ಒಬ್ಬೊಬ್ಬರಾಗಿ ತಿರುಗಿ ಬಂದರು. ದೀಪಾವಳಿಗೆ ಇನ್ನೂ ಮೂರು ವಾರ ಇರುವಾಗ ಇಟ್ಟಿಗಿಯಿಂದ ರೈತರೊಬ್ಬರು ಬಂದು, ಮಗಳ ಮದುವೆಯ ಬೀಗರೂಟಕ್ಕೆ ಸಾರಿನ ಜೊತೆ ಸುಟ್ಟ ಕೋಳಿಯೂ ಇರಲಿ, ಇನ್ನೂರು ಜನ ಎಂದರು. ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಬೀಗರ ಮುಂದೆ ಗೆದ್ದರೆ ಹಡಗಲಿ ತಾಲ್ಲೂಕಿನ ಪ್ರತಿ ಮದುವೆ ಮನೆಗೂ ನನ್ನ ಹೆಸರು ಹೋಗುತ್ತದೆ. ಸೋತರೆ ಹೆಸರು ಅದಕ್ಕಿಂತ ಬೇಗ ಹೋಗುತ್ತದೆ, ಅಣ್ಣನ ತಕ್ಕಡಿ ಕಾದೇ ಇದೆ.

ಊಟದ ಹಿಂದಿನ ದಿನ ಆಟೋ ತೆಗೆದುಕೊಂಡು ದೊಡ್ಡವ್ವನ ಊರಿಗೆ ಹೋದೆ. ಅಂದೇ ಬೆಳಿಗ್ಗೆ ಭಟ್ಟಿ ತೆಗೆದಿದ್ದಳು. ಇದ್ದಿಲು ಅಂಗಳದ ತುಂಬ ಹರಡಿ ಮಿರಮಿರ ಮಿಂಚುತ್ತಿತ್ತು. "ಇದನ್ನ ನಾಳಿ ಒಯ್ಯಿ" ಎಂದಳು. "ಹೊಸದು, ಒಂದು ಹಗಲು ಒಂದು ರಾತ್ರಿ ಗಾಳಿ ಕುಡೀಬೇಕು. ಒಳಗ ಎಲ್ಲಿ ಕಿಡಿ ಅಡಗಿರ್ತೈತೋ ದೇವ್ರಿಗೇ ಗೊತ್ತು." ಹೂಂ ಎಂದೆ. ನಾಳೆ ಎಂದರೆ ನನಗೆ ತಡವಾಗುತ್ತಿತ್ತು, ಸಂಜೆಯೊಳಗೆ ಇಟ್ಟಿಗಿಯಲ್ಲಿ ಒಲೆ ಹೂಡಬೇಕಿತ್ತು. ಮುಟ್ಟಿ ನೋಡಿದರೆ ತಣ್ಣಗಿದೆ. ಮುದುಕಿ ಸುಮ್ಮನೆ ಹೆದರಿಸುತ್ತಾಳೆ ಅನ್ನಿಸಿತು. ಆಕೆ ಕೊಡ ಎತ್ತಿಕೊಂಡು ನಲ್ಲಿಗೆ ಹೋದಳು. ನಾನು ಎರಡು ಚೀಲ ತುಂಬಿ, ಆಟೋಕ್ಕೆ ಹಾಕಿ, ಒಂದು ಮಾತೂ ಹೇಳದೆ ಹೊರಟುಬಿಟ್ಟೆ. ಇದನ್ನು ಬರೆಯುವಾಗಲೂ ನನಗೆ ನಾಚಿಕೆಯಾಗುತ್ತದೆ.

ಹಗರಿಬೊಮ್ಮನಹಳ್ಳಿ ದಾಟಿ ಹಡಗಲಿ ರಸ್ತೆಯ ಬಯಲಿಗೆ ಬಂದೆವು. ಎದುರು ಗಾಳಿ. ಆಟೋದವನು ಕನ್ನಡಿ ನೋಡಿ ಕೂಗಿದ: "ಯಣ್ಣಾ, ಹಿಂದ ಹೊಗಿ!" ಇಳಿದು ನೋಡುವಷ್ಟರಲ್ಲಿ ಒಂದು ಚೀಲದ ಹೊಟ್ಟೆ ಕೆಂಪಾಗಿತ್ತು. ಎರಡನ್ನೂ ಒದ್ದು ರಸ್ತೆ ಬದಿಗೆ ಕೆಡವಿದೆವು. ಕಣ್ಣೆದುರಿಗೇ ಎರಡೂ ಧಗಧಗ ಉರಿದು ಬೂದಿಯಾದವು. ಇಟ್ಟಿಗಿಗೆ ಬರಿಗೈಯಲ್ಲಿ ಹೋದೆ. ಡ್ರಮ್ಮುಗಳಲ್ಲಿ ಮಸಾಲೆ ಹಚ್ಚಿ ಮೊದಲೇ ಕಳಿಸಿದ್ದ ಕೋಳಿ, ಕೈಯಲ್ಲಿ ಒಂದು ಹಿಡಿ ಇದ್ದಿಲೂ ಇಲ್ಲ. ಯಜಮಾನರು, "ಎಲ್ಲಾ ತಯಾರೈತೇನ್ರಿ?" ಎಂದು ಕೇಳಿದರೆ, "ಐತ್ರಿ" ಎಂದೆ. ದೊಡ್ಡವ್ವನಿಗೆ ಫೋನ್ ಮಾಡಲು ಮುಖವಿರಲಿಲ್ಲ. ಯಾವ ಬಾಯಲ್ಲಿ ಮಾಡಲಿ?

ಬೆಳಿಗ್ಗೆ ಸುತ್ತಲಿನ ಹೊಲಗಳಲ್ಲಿ ಒಣ ಕಟ್ಟಿಗೆ ಸಿಗುತ್ತದೇನೋ ಎಂದು ಹೊರಟವನಿಗೆ ಊರ ಮುಂದೆ ನಿಂತ ಬಸ್ಸು ಕಂಡಿತು. ಕಂಡಕ್ಟರ್ ಗೊಣಗುತ್ತಾ ಎರಡು ಚೀಲ ಕೆಳಗಿಳಿಸುತ್ತಿದ್ದ. ಹಿಂದೆ ದೊಡ್ಡವ್ವ ಇಳಿದಳು. ವಾರವಿಡೀ ಇಟ್ಟಿಗಿ ಇಟ್ಟಿಗಿ ಎಂದು ಕೊಚ್ಚಿಕೊಂಡಿದ್ದೆನಲ್ಲ, ಯಾರನ್ನೂ ಕೇಳಬೇಕಾಗಿರಲಿಲ್ಲ ಆಕೆ. ಹರಪನಹಳ್ಳಿಯ ಕಮ್ಮಾರನಿಗೆಂದು ತೆಗೆದಿಟ್ಟಿದ್ದ ಹಳೆಯ ಇದ್ದಿಲು ಅದು.

"ಎಲ್ಲಿಗೆ ಬಂದಾಗ ಹತ್ತಿತು?" ಎಂದಳು. ಹತ್ತಿತೇನು ಎಂದು ಕೇಳಲೇ ಇಲ್ಲ.

"ಬೊಮ್ಮನಹಳ್ಳಿ ದಾಟಿ, ದೊಡ್ಡವ್ವಾ."

"ಮೈ ಸುಟ್ಕಂಡಿಲ್ಲಲ್ಲ? ನಡಿ."

ಅವತ್ತು ಹೊತ್ತು ಇಳಿಯುವವರೆಗೆ ಕೂಡ್ಲಿಗಿ, ಕೊಟ್ಟೂರು, ಹರಪನಹಳ್ಳಿ ಎನ್ನುತ್ತಾ ಆಕೆ ಕೆಂಡ ಕಾದಳು, ನಾನು ಕೋಳಿ ಮಗುಚಿದೆ. ಬೀಗರು ಎರಡೆರಡು ಸಲ ಹಾಕಿಸಿಕೊಂಡರು. ಹಿರಿಯ ಬೀಗರೊಬ್ಬರು ಬಂದು, "ಯಾರವ್ವಾ ಇದನ್ನ ಮಾಡಿದ್ದು? ನೀನೇನು?" ಎಂದಾಗ ನಾನು ಕೋಳಿ ಮಗುಚುವುದು ಬಿಟ್ಟು ಆಕೆಯ ಮುಖ ನೋಡಿದೆ. ಆಕೆ ನನ್ನ ಕಡೆ ಕೈ ಮಾಡಿದಳು. "ನಂದೇನೈತ್ರಿ, ಎಲ್ಲಾ ಇವನ ಕೈಗುಣ. ಹಗರಿಬೊಮ್ಮನಹಳ್ಳ್ಯಾಗ ಅಂಗಡಿ ಐತಿ, ಬರ್ರಿ."

ತಿರುಗಿ ಬರುವ ಬಸ್ಸಿನಲ್ಲಿ ಆಕೆ ಕಿಟಕಿ ಪಕ್ಕ ಕೂತು ಖಾಲಿ ಚೀಲಗಳನ್ನು ಮಡಚಿದಳು. ಬೈಯಲಿ ಎಂದು ನಾನು ದೇವರನ್ನು ಬೇಡಿಕೊಳ್ಳುತ್ತಿದ್ದೆ. ಕೊನೆಗೆ ಇಷ್ಟೇ ಅಂದಳು:

"ಸುಟ್ಟಿದ್ದಕ್ಕ ನಂಗ ಬ್ಯಾಸ್ರಿಲ್ಲ ತಮ್ಮಾ. ಹಳೇದು ಮನಿಯಾಗ ಇತ್ತು. ಕೇಳಿದ್ರ ಕೊಡ್ತಿದ್ನಲ್ಲೋ."

ಅಳು ಬಂತು, ಬಸ್ಸಿನ ತುಂಬ ಜನ ಎಂದು ನುಂಗಿಕೊಂಡೆ.

ದೀಪಾವಳಿಗೆ ಅಣ್ಣ ಅಂಗಡಿಗೆ ಬಂದ. ರಸ್ತೆಯ ಆಚೆ ಬದಿಯಲ್ಲೇ ನಿಂತು, ಮೂಗಿಗೆ ಟವೆಲ್ ಹಿಡಿದು, ಕಾದು ನಿಂತ ಜನವನ್ನು ನೋಡಿದ. "ಆತು ಬಿಡಪ್ಪಾ, ನಿಂತೈತಿ" ಎಂದು ಹೊರಟುಹೋದ. ಅಷ್ಟು ಸಾಕಿತ್ತು ನನಗೆ. ಆಮೇಲಿನ ಆರು ವರ್ಷ ದೊಡ್ಡವ್ವನ ಇದ್ದಿಲು ಬಿಟ್ಟು ಬೇರೆಯದನ್ನು ಮುಟ್ಟಲಿಲ್ಲ. ಬಿಡುವಿದ್ದಾಗ ಹೋಗಿ ಭಟ್ಟಿ ಕಟ್ಟುವುದನ್ನು, ಹೊಗೆ ನೋಡುವುದನ್ನು ಕಲಿತೆ. ದಟ್ಟ ಬಿಳಿ ಹೊಗೆ ಎಂದರೆ ಕಟ್ಟಿಗೆಯ ನೀರು ಹೋಗುತ್ತಿದೆ. ತೆಳ್ಳಗೆ ನೀಲಿ ಆದರೆ ಬೆಂದಿದೆ, ತೂತುಗಳಿಗೆಲ್ಲ ಮಣ್ಣು ಮೆತ್ತಿ ಉಸಿರು ಕಟ್ಟಿಸಬೇಕು.

ಹೋದ ಚಳಿಗಾಲದಲ್ಲಿ ಒಂದು ಬೆಳಿಗ್ಗೆ ತೆಲಿಗಿಯ ಮಗಳು ಫೋನ್ ಮಾಡಿದಳು. ಮಲಗಿದ ದೊಡ್ಡವ್ವ ಏಳಲಿಲ್ಲವಂತೆ. ನಾನು ಹೋಗುವ ಹೊತ್ತಿಗೆ ಆಕೆಯನ್ನು ಕಟ್ಟೆಯ ಮೇಲೆ ಕೂರಿಸಿದ್ದರು. ಮನೆ ಹಿಂದೆ ಎರಡು ದಿನದ ಕೆಳಗೆ ಹಚ್ಚಿದ ಭಟ್ಟಿ ಬಿಳಿ ಹೊಗೆ ಬಿಡುತ್ತಿತ್ತು. ಮಣ್ಣು ಮಾಡಿ ಬಂದ ಮೇಲೆ ಊರಿನ ಹಿರಿಯರೊಬ್ಬರು, "ಸೂತಕದ ಮನಿ, ಒಲಿ ಸೈತ ಹಚ್ಚಂಗಿಲ್ಲ. ಭಟ್ಟಿ ಹೆಂಗ ಉರಿಯಾಕ ಬಿಡೋದು? ನೀರು ಹೊಯ್ರಿ" ಎಂದರು. ನೀರು ಹೊಯ್ದರೆ ಅಷ್ಟೂ ಹಾಳು. ನಾನು ಅಡ್ಡ ನಿಂತೆ. "ಈ ಮನುಷ್ಯ ಯಾರು?" ಎಂದರು. "ನಮ್ಮಣ್ಣ" ಎಂದಳು ಮಗಳು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, "ಅವ್ವ ಹಚ್ಚಿದ್ದು ಐತಿ, ಅವ್ವನೇ ಮುಗಸ್ಲಿ ಬಿಡ್ರಿ" ಎಂದಳು. "ಹಂಗಾದ್ರ ಬಿಡ್ರಿ" ಎಂದು ಹಿರಿಯರು ಎದ್ದು ಹೋದರು.

ಅಂಗಡಿಗೆ ಬೀಗ ಹಾಕಿಸಿ ಅಲ್ಲೇ ಉಳಿದೆ. ಹೊಗೆ ನೀಲಿಯಾಗುವ ತನಕ ಕಾದೆ. ತೂತು ಮುಚ್ಚಿದೆ, ಬಿರುಕು ಬಿಟ್ಟಲ್ಲೆಲ್ಲ ಕೆಸರು ಮೆತ್ತಿದೆ, ಆರಿದ ಮೇಲೆ ತೆಗೆದು ಅಂಗಳದಲ್ಲಿ ಹರಡಿದೆ. ಒಂದು ಹಗಲು ಒಂದು ರಾತ್ರಿ ಗಾಳಿ ಕುಡಿಸಿದೆ. ಆಕೆ ಸುಟ್ಟದ್ದಕ್ಕಿಂತ ಒಂದು ಗುಂಜಿ ಕಡಿಮೆಯಿರಲಿಲ್ಲ ಆ ಇದ್ದಿಲು, ಇದನ್ನು ಎದೆ ತಟ್ಟಿ ಹೇಳುತ್ತೇನೆ.

ಮರುದಿನ ಚೀಲ ಬಿಚ್ಚಿ ಹಿಡಿದೆ. ಕೈ ಮುಂದೆ ಹೋಗಲಿಲ್ಲ. ಅಂಗಳದ ಮೂಲೆಯಲ್ಲಿ ಪಾತ್ರೆ ತೊಳೆಯುತ್ತಿದ್ದ ಮಗಳ ಹತ್ತಿರ ಹೋಗಿ ನಿಂತೆ.

"ತಂಗೀ, ಎರಡು ಚೀಲ ಒಯ್ಯಲೇನವ್ವಾ?"

ಆಕೆ ತಲೆಯೆತ್ತಿ ಬೆರಗಾಗಿ ನೋಡಿದಳು. "ಇದೇನಣ್ಣಾ, ಕಾದವ್ರು ನೀವು, ತಗದವ್ರು ನೀವು. ನನ್ನ ಕೇಳ್ತೀರಲ್ಲ?"

"ಕೇಳ್ಬೇಕವ್ವಾ" ಎಂದೆ. ಆರು ವರ್ಷ ನುಂಗಿಕೊಂಡಿದ್ದನ್ನು ಆ ಅಂಗಳದಲ್ಲಿ ಕೂತು ಅತ್ತುಬಿಟ್ಟೆ.