ಯಾರ ಮೂರು ಬೆರಳು

ಗ್ಯಾರೇಜಿನ ಷಟರ್ ಅರ್ಧಕ್ಕೆ ಎತ್ತಿತ್ತು. ಒಳಗೆ ಸ್ಟ್ಯಾಂಡ್ ಮೇಲೆ ಏರಿಸಿದ ಡರ್ಟ್ ಬೈಕಿನ ಹಿಂದಿನ ಚಕ್ರ ನೆಲ ಬಿಟ್ಟು ನಿಂತಿತ್ತು. ಅದರ ಪಕ್ಕ ರಟ್ಟು ಹಾಸಿಕೊಂಡು ಕೂತಿದ್ದ ಹೆಂಗಸು ಹಲ್ಲಲ್ಲಿ ಪುಟ್ಟ ಟಾರ್ಚ್ ಕಚ್ಚಿಕೊಂಡು ಬ್ರೇಕಿನ ಸಂದಿಗೆ ಇಣುಕುತ್ತಿದ್ದಳು. ಅವಳ ಗಂಡ ಸ್ಟೂಲ್ ಮೇಲೆ ಕೂತು, ಬ್ಯಾಂಡೇಜ್ ಸುತ್ತಿದ ಬಲಗೈಯನ್ನು ಮಗುವಿನಂತೆ ಎದೆಗೊತ್ತಿಕೊಂಡಿದ್ದ.

"ಪ್ಯಾಡಲ್ಲಿ ಗೀರು ಕಾಣ್ತಿದೆಯೇನೇ?"

ಅವಳು ಟಾರ್ಚ್ ಬಾಯಿಂದ ತೆಗೆದಳು. "ಮುಂದಿನದರಲ್ಲಿ ಇದೆ. ಹಿಂದಿನದು ಸವೆದು ಪೂರ್ತಿ ನುಣ್ಣಗಾಗಿದೆ ರೀ."

"ಆಗದೆ ಇನ್ನೇನು? ನಿನ್ನ ತಮ್ಮ ಹಿಂದಿನ ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ನಿದ್ದೆ ಮಾಡ್ತಾನೆ."

"ನಾನಿಲ್ಲೇ ಇದ್ದೀನಿ ಭಾವ," ಎಂದ ತಮ್ಮ, ಬಾಗಿಲಲ್ಲಿ ನಿಂತು ಬೂಟಿನ ಪಟ್ಟಿ ಬಿಗಿಯುತ್ತ. "ನಿಮ್ಮ ಗೊರಕೆಗೆ ನನಗೆ ನಿದ್ದೆ ಬಂದರೆ ತಾನೆ!"

ಬೀದಿಯವರು ಅವಳನ್ನು ಸೀಟಕ್ಕ ಎನ್ನುತ್ತಾರೆ. ಗ್ಯಾರೇಜಿನ ಮೂಲೆಯಲ್ಲಿರುವ ಹೊಲಿಗೆ ಯಂತ್ರ ಅವಳದು. ಹರಿದ ಸೀಟುಗಳಿಗೆ ಕವರ್ ಹೊಲಿಯುವುದು ಅವಳ ಕಸುಬು. ಟೇಪು ಕೊರಳಲ್ಲಿ ನೇತಾಡುತ್ತಿದ್ದರೂ ಅದನ್ನು ಮುಟ್ಟುವುದು ಅಪರೂಪ. ಅಂಚಿಗೆ ಎರಡು ಬೆರಳು, ಮಡಿಕೆಗೆ ಒಂದು ಎಂದು ತನ್ನ ಕೈಯಲ್ಲೇ ಅಳೆಯುತ್ತಾಳೆ. ಅವಳ ಹೊಲಿಗೆ ಸಡಿಲವಾಯಿತೆಂದು ಈವರೆಗೆ ಯಾರೂ ಹಿಂದೆ ತಂದುಕೊಟ್ಟಿಲ್ಲ.

ಗಂಡನ ಅಡ್ಡಹೆಸರು ಮೂರ್ಬೆರಳು. ಹೊಸಬರು ಅವನ ಕೈಯನ್ನು ಕದ್ದು ನೋಡಿ ಬೆರಳು ಎಣಿಸುತ್ತಾರೆ. ಹತ್ತೂ ಇವೆ. ಹೆಸರು ಬಂದದ್ದು ಚೈನ್ ಅಳತೆಯಿಂದ. ಬೈಕ್ ಸ್ಟ್ಯಾಂಡ್ ಮೇಲಿರುವಾಗ ಒಂದು ಕೈಯಲ್ಲಿ ಚೈನನ್ನು ಮೇಲಕ್ಕೆತ್ತಿ, ಅದಕ್ಕೂ ಕೆಳಗೆ ಹಿಂದಿನ ಚಕ್ರವನ್ನು ಹಿಡಿದಿರುವ ಸ್ವಿಂಗ್ ಆರ್ಮ್ ಎಂಬ ತೋಳಿಗೂ ನಡುವೆ ಇನ್ನೊಂದು ಕೈಯ ಮೂರು ಬೆರಳು ಒಂದರ ಮೇಲೊಂದು ತೂರಿಸುತ್ತಾನೆ. ಬಿಗಿಯಾಗಿ ಹಿಡಿದರೆ ಸರಿ. ಜೋಲಾಡಿದರೆ ಚೈನ್ ಕಳಚೀತು. ಬೆರಳು ಹೋಗದಿದ್ದರೆ ಅದು ಇನ್ನೂ ಕೆಟ್ಟದ್ದು. ಹಾರಿದ ಬೈಕ್ ನೆಲಕ್ಕೆ ಬಿದ್ದು ಶಾಕ್ ಅಬ್ಸಾರ್ಬರ್ ಪೂರ್ತಿ ಕುಸಿದಾಗ ಚೈನ್ ಇನ್ನಷ್ಟು ಎಳೆದುಕೊಳ್ಳುತ್ತದೆ. ಆ ಕ್ಷಣಕ್ಕೆ ಬೇಕಾದ ಸಡಿಲವನ್ನು ಮೊದಲೇ ಬಿಟ್ಟಿರಬೇಕು. ಬಿಡದಿದ್ದರೆ ಗೇರ್‌ಬಾಕ್ಸಿನ ಬೇರಿಂಗ್ ಹೋಗುತ್ತದೆ, ಇಲ್ಲವೇ ಚೈನ್ ತುಂಡಾಗಿ ಚಕ್ರಕ್ಕೆ ಸಿಕ್ಕಿಕೊಳ್ಳುತ್ತದೆ. ಹಾಗೆ ಸಿಕ್ಕಿಕೊಂಡ ಬೈಕಿನ ಸವಾರನೊಬ್ಬನನ್ನು ಮೂರ್ಬೆರಳು ತಾನೇ ಹೊತ್ತು ಆಸ್ಪತ್ರೆಗೆ ಸೇರಿಸಿದ್ದ. ಆ ಸವಾರ ಈಗಲೂ ಕೋಲು ಹಿಡಿದು ನಡೆಯುತ್ತಾನೆ.

ಹೋದ ವಾರ ಟೈರ್ ಬಿಚ್ಚುವ ಕಬ್ಬಿಣ ಜಾರಿ ಮೂರ್ಬೆರಳಿನ ಬಲಗೈ ಸೀಳಿತ್ತು. ಒಂದೇ ಕೈಯಲ್ಲಿ ಚೈನ್ ಎತ್ತಿ ಬೆರಳೂ ತೂರಿಸಲಾಗದು. ಭಾನುವಾರ ರೇಸ್, ಶನಿವಾರ ಅಭ್ಯಾಸದ ಓಟ. ಹೀಗಾಗಿ ಗಂಡ ಹೇಳುತ್ತ ಹೋದ, ಹೆಂಡತಿ ಮಾಡುತ್ತ ಹೋದಳು. ಹಿಂದಿನ ಬ್ರೇಕಿಗೆ ಹೊಸ ಪ್ಯಾಡ್ ಕೂರಿಸಿದಳು. ಆಕ್ಸಲ್ ನಟ್ ಸಡಿಲಿಸಿ ಎರಡೂ ಬದಿಯ ಬೋಲ್ಟುಗಳನ್ನು ಒಂದೇ ಸಮ ತಿರುಗಿಸಿದಳು. ಬದಿಯ ಗುರುತುಗಳು ಸಮ ಬಂದವೇ ಎಂದು ಮೂಗು ತಾಗುವಷ್ಟು ಬಗ್ಗಿ ನೋಡಿದಳು. ಚೈನಿಗೂ ಅದು ಸುತ್ತುವ ಹಲ್ಲುಚಕ್ರ ಸ್ಪ್ರಾಕೆಟ್ಟಿಗೂ ನಡುವೆ ಬಟ್ಟೆಯ ಸುರುಳಿ ಇಟ್ಟು, ಚಕ್ರವನ್ನು ಮುಂದಕ್ಕೆ ಕೂರಿಸಿ ನಟ್ ಬಿಗಿದಳು.

"ಮೂರು ಬೆರಳು ಹೋಯ್ತಾ?"

"ಹೋಯ್ತು."

"ಬಿಗಿಯಾಗಿ?"

"ಬಿಗಿಯಾಗಿ."

ಇಬ್ಬರಲ್ಲಿ ಯಾರೂ ಸುಳ್ಳು ಹೇಳಿರಲಿಲ್ಲ. ತಮ್ಮ, ಗೆಳೆಯನ ವ್ಯಾನಿಗೆ ಬೈಕ್ ಏರಿಸಿಕೊಂಡು ಅಭ್ಯಾಸದ ಓಟಕ್ಕೆ ಹೊರಟ. ತಾಯಿ ತೀರಿಕೊಂಡಾಗ ಇವನಿಗೆ ಚಡ್ಡಿಯ ಗುಂಡಿ ಹಾಕಿಕೊಳ್ಳಲೂ ಬರುತ್ತಿರಲಿಲ್ಲ, ಬೆಳೆಸಿದವಳು ಅಕ್ಕ. ವ್ಯಾನ್ ತಿರುವು ದಾಟುವವರೆಗೂ ಅವಳು ಷಟರ್ ಕೆಳಗೇ ನಿಂತಿದ್ದಳು. ಇದು ಅವಳ ದಿನನಿತ್ಯದ ಅಭ್ಯಾಸ, ಅದಕ್ಕೇನೂ ವಿಶೇಷ ಕಾರಣವಿರಲಿಲ್ಲ.

ಕಾರಣ ಹುಟ್ಟಿದ್ದು ನಲ್ಲಿಯ ಹತ್ತಿರ. ಗಂಡನ ಎಡಗೈಗೆ ಅಂಟಿದ್ದ ಗ್ರೀಸನ್ನು ಸೋಪಿನ ಪುಡಿ ಹಾಕಿ ಅವಳೇ ಉಜ್ಜುತ್ತಿದ್ದಳು. ತೊಟ್ಟಿಯ ಅಂಚಿನ ಮೇಲೆ ಇಬ್ಬರ ಕೈಗಳೂ ಅಕ್ಕಪಕ್ಕ ಇದ್ದವು. ಅವಳ ಉಜ್ಜಾಟ ನಿಂತಿತು. ಅವನ ಬೆರಳುಗಳನ್ನು ಒತ್ತಾಗಿ ಜೋಡಿಸಿದಳು, ಮೇಲೆ ತನ್ನವನ್ನು ಇಟ್ಟಳು. ಅಗಲದಲ್ಲಿ ಅವಳ ಮೂರು ಬೆರಳು ಅವನ ಎರಡಕ್ಕಿಂತ ತುಸು ಮುಂದೆ ಹೋಗಿ ಮುಗಿದವು.

"ರೀ... ನೀವು ಹೇಳೋ ಮೂರು ಬೆರಳು ಯಾರದು?"

"ಯಾರದು ಅಂದರೆ? ನಂದೇ," ಎಂದವನು ಕೆಳಗೆ ನೋಡಿದ. ನಲ್ಲಿ ನಿಲ್ಲಿಸುವುದು ಇಬ್ಬರಿಗೂ ತೋಚಲಿಲ್ಲ.

ಅವಳು ತಮ್ಮನಿಗೆ ಫೋನ್ ಮಾಡಿದಳು. ರಿಂಗಾಯಿತು, ಅವನು ಎತ್ತಲಿಲ್ಲ. ಹೆಲ್ಮೆಟ್ ಹಾಕಿದ ಮೇಲೆ ಅದು ಚೀಲದಲ್ಲಿರುತ್ತದೆಂದು ಅವಳಿಗೆ ಗೊತ್ತು. ಆದರೂ ಮತ್ತೆ ಮತ್ತೆ ಒತ್ತಿದಳು. ಕೊನೆಗೆ ಸ್ಕೂಟರ್ ತೆಗೆದಳು. ಗಂಡ ಹಿಂದೆ ಕೂತ.

"ನಿಧಾನ ಕಣೇ, ನಾವೇ ಬಿದ್ದರೆ ಅವನಿಗೆ ಹೇಳೋರು ಯಾರು?"

"ನೀವು ಸುಮ್ನೆ ಕೂತ್ಕೊಳ್ಳಿ. ನಾನು ಕೈಯಾರೆ ಬಿಗಿದಿದ್ದೀನಿ, ಈ ಕೈಯಾರೆ!"

ದಾರಿಯುದ್ದಕ್ಕೂ ಅವಳ ಕಣ್ಣು ಎದುರಿನಿಂದ ಬರುವ ವಾಹನಗಳ ಮೇಲಿತ್ತು. ಅವುಗಳಲ್ಲಿ ಆಂಬುಲೆನ್ಸ್ ಇರಲಿಲ್ಲ. ಅದರಿಂದ ಸಮಾಧಾನವೇನೂ ಆಗಲಿಲ್ಲ. ಇನ್ನೂ ಹೊರಟಿಲ್ಲವೇನೋ ಅನ್ನಿಸಿತು.

ಟ್ರ್ಯಾಕಿನಲ್ಲಿ ಧೂಳೆದ್ದಿತ್ತು. ಬೇಲಿಯಾಚೆ ಅವಳೇ ಹೊಲಿದ ಹಳದಿ ಸೀಟ್ ಮೊದಲ ದಿಬ್ಬದಿಂದ ಗಾಳಿಗೆ ಎದ್ದು, ಕೆಳಗೆ ಬಿದ್ದು, ಹಿಂಭಾಗ ನೆಲಕ್ಕೆ ಕುಕ್ಕರಿಸಿ ಮತ್ತೆ ಏಳುವುದು ಕಂಡಿತು. ಅವಳು ಬಾವುಟ ಹಿಡಿದು ನಿಂತಿದ್ದವನ ಹತ್ತಿರ ಓಡಿದಳು.

"ಆ ಹಳದಿ ಬೈಕ್ ನಿಲ್ಲಿಸಪ್ಪ, ಚೈನ್ ಸರಿಯಿಲ್ಲ!"

"ಹಾಗೆಲ್ಲ ನಿಲ್ಸೋ ಹಾಗಿಲ್ಲಮ್ಮ. ಯಾರಾದ್ರೂ ಬಿದ್ದರೆ ಮಾತ್ರ ಬಾವುಟ ಬೀಸ್ತೀನಿ."

"ಬಿದ್ದ ಮೇಲೆ ನಿನ್ನ ಬಾವುಟ ಯಾರಿಗಪ್ಪ ಬೇಕು?"

ಅವಳು ಬೇಲಿ ಹಿಡಿದು ಎರಡೂ ಕೈ ಬೀಸಿದಳು. ತಮ್ಮ ನೋಡಿದ. ಎಂದೂ ಟ್ರ್ಯಾಕಿಗೆ ಬಾರದ ಅಕ್ಕ ನೋಡಲು ಬಂದಿದ್ದಾಳೆಂದು ಹುರುಪೇರಿ, ಮುಂದಿನ ದಿಬ್ಬದಲ್ಲಿ ಇನ್ನೂ ಎತ್ತರ ಹಾರಿದ. ಬೈಕ್ ನೆಲಕ್ಕಪ್ಪಳಿಸಿದ ಸದ್ದಿಗೆ ಅವಳು ಕಣ್ಣು ಮುಚ್ಚಿದಳು. ತೆರೆದಾಗ ಅವನು ತಿರುವಿನಲ್ಲಿದ್ದ, ಇನ್ನೂ ಬೈಕಿನ ಮೇಲೇ ಇದ್ದ.

"ರೀ, ಬೀಳಿ."

"ಏನು?"

"ಕೆಳಗೆ ಬೀಳಿ ಅಂದೆ! ಬಿದ್ದರೆ ನಿಲ್ಲಿಸ್ತಾರಂತೆ."

ಮೂರ್ಬೆರಳು ಹೆಂಡತಿಯ ಮುಖ ನೋಡಿದ. ನಂತರ ಬೇಲಿಯ ಸಂದಿಯಲ್ಲಿ ನುಸುಳಿ, ಟ್ರ್ಯಾಕಿನ ಅಂಚಿನ ಧೂಳಿನಲ್ಲಿ, ಬ್ಯಾಂಡೇಜ್ ಕೈಯನ್ನು ಮಣ್ಣಾಗದಂತೆ ಮೇಲೆತ್ತಿಕೊಂಡು ಅಂಗಾತ ಮಲಗಿದ. ಬಾವುಟದವನು ಬೈದುಕೊಳ್ಳುತ್ತಲೇ ಬಾವುಟ ಬೀಸಿದ. ಬೈಕುಗಳು ಒಂದೊಂದಾಗಿ ವೇಗ ತಗ್ಗಿಸಿದವು. ಹಳದಿ ಸೀಟಿನ ಬೈಕ್ ನೇರ ಅವನ ಬಳಿಗೇ ಬಂದು ನಿಂತಿತು.

"ಭಾವ! ಭಾವ, ಏನಾಯ್ತು?" ತಮ್ಮ ಹೆಲ್ಮೆಟ್ ಕಿತ್ತೆಸೆದು ಕೂಗಿದ.

"ಏನಿಲ್ಲ ಕಣೋ. ಇಂಜಿನ್ ಆಫ್ ಮಾಡು," ಎಂದ ಮೂರ್ಬೆರಳು, ಮಲಗಿದಲ್ಲಿಂದಲೇ.

ಬೈಕನ್ನು ಬದಿಗೆ ತಳ್ಳಿಕೊಂಡು ಹೋದರು. ಗಂಡ ಮತ್ತು ತಮ್ಮ ಒಟ್ಟಿಗೆ ಸೀಟಿನ ಮೇಲೆ ಕೂತರು. ಸಾಲದೆಂದು ಬೇರೊಬ್ಬ ಸವಾರನ ದಪ್ಪ ಮೆಕ್ಯಾನಿಕ್ಕನನ್ನೂ ಹತ್ತಿಸಿದರು. ಶಾಕ್ ಕುಸಿಯಿತು. ಸೀಟಕ್ಕ ಮಂಡಿಯೂರಿ ಚೈನ್ ಒತ್ತಿದಳು. ಅದು ಹೊಲಿಗೆ ಯಂತ್ರದ ಸೂಜಿಯಲ್ಲಿ ಎಳೆದು ಹಿಡಿದ ದಾರದಂತೆ ಅಲ್ಲಾಡದೆ ನಿಂತಿತ್ತು. ಮುಟ್ಟಿದ ಬೆರಳು ಸುಟ್ಟಿತು.

"ಇಷ್ಟೇ ತಾನೆ ಅಕ್ಕ? ಸಡಿಲ ಮಾಡಿಕೊಡು, ಇನ್ನೊಂದು ಸುತ್ತು ಹೊಡೀತೀನಿ," ಎಂದ ತಮ್ಮ. "ನಾಳೆ ರೇಸಿದೆ."

ಅವಳು ಟಾರ್ಚನ್ನು ಹಲ್ಲಲ್ಲಿ ಕಚ್ಚಿ, ಚೈನ್ ಇಂಜಿನ್ನಿನಿಂದ ಹೊರಬರುವ ಮುಂದಿನ ಸ್ಪ್ರಾಕೆಟ್ಟಿನ ಹಿಂದೆ ಬೆಳಕು ಬಿಟ್ಟಳು. ಧೂಳಿನ ಮೇಲೆ ಹೊಸದಾಗಿ ಎಣ್ಣೆಯ ತೆಳು ಉಂಗುರ ಮೂಡಿತ್ತು. ಗಂಡನನ್ನು ಕರೆದಳು. ಅವನು ಎಡಗೈಯಿಂದ ಸ್ಪ್ರಾಕೆಟ್ ಹಿಡಿದು ಅಲುಗಿಸಿದ. ಅಲುಗಬಾರದಿತ್ತು, ಅಲುಗಿತು.

"ಬೇರಿಂಗ್ ಹೋಗಿದೆ."

"ಒಂದೇ ಒಂದು ರೇಸಿಗೆ ತಡೆಯಲ್ವಾ ಭಾವ?"

"ತಡೆದರೂ ತಡೀಬಹುದು," ಎಂದ ಮೂರ್ಬೆರಳು, ಹೆಂಡತಿಯ ಕಡೆ ನೋಡುತ್ತ.

ಸೀಟಕ್ಕ ಎದ್ದು ಕೈ ಒರೆಸಿಕೊಂಡಳು. "ಕೆಡಿಸಿದವಳು ನಾನು, ಬೈಯೋದಾದರೆ ನನ್ನನ್ನು ಬೈಯೋ. ನಿನ್ನ ಕಾಲಿಗೆ ಬೀಳು ಅಂದರೆ ಬೀಳ್ತೀನಿ. ಆದರೆ ಇದರ ಮೇಲೆ ನಾಳೆ ನೀನು ಕೂರಲ್ಲ." ಇಂಥ ಬೈಕಿಗೆ ಬೀಗದ ಕೈ ಇರುವುದಿಲ್ಲ, ಹಾಗಾಗಿ ಅವಳು ಸ್ಪಾರ್ಕ್ ಪ್ಲಗ್ಗನ್ನೇ ಬಿಚ್ಚಿಸಿ ತನ್ನ ಚೀಲಕ್ಕೆ ಹಾಕಿಕೊಂಡಳು.

ಭಾನುವಾರ ರೇಸ್ ಶುರುವಾಗುವ ಹೊತ್ತಿಗೆ ಇಂಜಿನ್ ಗ್ಯಾರೇಜಿನ ಬೆಂಚಿನ ಮೇಲಿತ್ತು. ತಮ್ಮ, ಬಿಚ್ಚಿದ ನಟ್ಟುಗಳನ್ನು ಡಬ್ಬಿಗೆ ಹಾಕುತ್ತಿದ್ದ, ಅಕ್ಕನ ಜೊತೆ ಮಾತು ಬಿಟ್ಟಿದ್ದ. ಹೊಸ ಬೇರಿಂಗ್ ಮಂಗಳವಾರ ಬರುತ್ತದೆ.